ಪಾಲಕೋಡಿನಾಚೆ, ಹೊಸ ಕೂಸಿನ ಪಕ್ಕದಲ್ಲಿ

ಮೇ ತಿಂಗಳ ಒಂದು ಶನಿವಾರ, ಇನ್ನೂ ಬೆಳಕು ಹರಿಯುವ ಮೊದಲೇ ಕೊಳ್ಳೇಗಾಲದಲ್ಲಿ ಮೆಟ್ಟೂರಿನ ಬಸ್ಸು ಹತ್ತಿದೆ. ಶಾಲೆಗೆ ರಜೆ ಬಂದಿತ್ತು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಮೂರು ಸೀರೆ, ಸತ್ಯವೇದ, ದಾರಿಗೆ ಚಿತ್ರಾನ್ನ. ತಮಿಳು ಸೀಮೆಯ ಪಾಲಕೋಡಿನ ಹತ್ತಿರ ಒಂದು ಸಣ್ಣ ಮಿಷನ್ ಚಿಕಿತ್ಸಾಲಯದಲ್ಲಿ ನನ್ನ ಚಿಕ್ಕಮ್ಮನ ಮಗಳು ಸುಗುಣ ನರ್ಸಾಗಿದ್ದಳು. ಈಸ್ಟರಿಗೆ ಊರಿಗೆ ಬಂದಿದ್ದಾಗ, "ಒಂದು ಸಲ ಬಾ ಅಕ್ಕ, ಮಾವಿನಹಣ್ಣಿನ ಕಾಲ" ಎಂದು ಕರೆದಿದ್ದಳು. ನಾನು ಹೊರಟದ್ದು ಮಾವಿನಹಣ್ಣಿಗೆ ಎಂದು ಎಲ್ಲರಿಗೂ ಹೇಳಿದೆ.

ನಿಜ ಬೇರೆ ಇತ್ತು. ನಮ್ಮ ಸಭೆಯ ಸ್ತ್ರೀಸಂಘದಲ್ಲಿ ವರ್ಷಕ್ಕೊಮ್ಮೆಯಾದರೂ ನಾನು ಯೇಸುವನ್ನು ಹಿಂಬಾಲಿಸುವುದರ ಬಗ್ಗೆ ಮಾತಾಡುತ್ತಿದ್ದೆ. ಈ ಸಲ ಮಾತು ಮುಗಿಸಿ ಕೂತಾಗ, ಹೊಸದಾಗಿ ಮದುವೆಯಾಗಿ ಬಂದಿದ್ದ ಪ್ರಭಾವತಿ ಎದ್ದು ನಿಂತಳು. "ಟೀಚರ್, ಆ ಬೆಸ್ತರು ದೋಣಿ ಬಿಟ್ಟು ಆತನ ಹಿಂದೆ ನಡೆದರು ಅಂದಿರಿ. ಅವರಿಗೆ ಮುಂದೆ ಹೋಗೋ ಆತನ ಬೆನ್ನು ಕಾಣ್ತಿತ್ತು. ನಮಗೆ ಯಾರ ಬೆನ್ನು ಕಾಣುತ್ತೆ? ಸೋಮವಾರ ಬೆಳಗ್ಗೆ ಎದ್ದು ನಾನು ಯಾವ ಕಡೆ ನಡೀಬೇಕು?" ಹೆಂಗಸರು ನಕ್ಕರು. ಅವಳು ನಗಲಿಲ್ಲ. ನಾನು ಪ್ರಾರ್ಥನೆ, ಪ್ರೀತಿ, ಸಾಕ್ಷಿ ಎಂದೆಲ್ಲ ಏನೋ ಹೇಳಿ ಕೀರ್ತನೆ ಎತ್ತಿಸಿದೆ. ಮನೆಗೆ ಬಂದ ಮೇಲೆ ಉತ್ತರ ನನ್ನ ಹತ್ತಿರ ಇಲ್ಲವೆಂದು ಗೊತ್ತಾಯಿತು. ಇಪ್ಪತ್ತು ವರ್ಷ ಬೋಧಿಸಿದ ಮೇಲೆ ಹೀಗಾದರೆ ನಿದ್ದೆ ಬರುವುದಿಲ್ಲ.

ಮಾದೇಶ್ವರನ ಬೆಟ್ಟದ ತಿರುವುಗಳಲ್ಲಿ ಬಸ್ಸು ಏದುಸಿರು ಬಿಡುತ್ತ ಹತ್ತಿತು. ಬೆಟ್ಟದಲ್ಲಿ ಭಕ್ತರು ಇಳಿದ ಮೇಲೆ ಉಳಿದವರು ಕಡಿಮೆ. ಆಗ ಆ ಕಾಡಿನಲ್ಲಿ ದಂತಚೋರರ ಭಯ. ಪಾಲಾರಿನ ಚೆಕ್‌ಪೋಸ್ಟಿನಲ್ಲಿ ಎಲ್ಲರನ್ನೂ ಇಳಿಸಿ ಚೀಲ ಬಿಚ್ಚಿಸಿದರು. ನನ್ನ ಸತ್ಯವೇದವನ್ನು ತಿರುಗಿಸಿ ನೋಡಿದ ಪೊಲೀಸಿನವನು, "ಪ್ರಚಾರಕ್ಕಾಮ್ಮ?" ಎಂದ. "ಇಲ್ಲಪ್ಪ, ತಂಗಿ ಮನೆಗೆ" ಎಂದೆ. ಹೇಳಿದ್ದು ಸುಳ್ಳಲ್ಲ. ಆದರೂ ಬಸ್ಸು ಹತ್ತಿದ ಮೇಲೆ ಸತ್ಯವೇದವನ್ನು ಚೀಲದ ತಳಕ್ಕೆ, ಸೀರೆಗಳ ಕೆಳಗೆ ಸರಿಸಿದೆ.

ಮೆಟ್ಟೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಣೆಕಟ್ಟಿನ ಹತ್ತಿರ ಹಾದಿಬದಿಯಲ್ಲಿ ಹೆಂಗಸರು ಮೀನು ಕರಿಯುತ್ತಿದ್ದರು. ನಾನು ಕನ್ನಡದಲ್ಲಿ ಬೆಲೆ ಕೇಳಿದ್ದಕ್ಕೆ ಒಬ್ಬಾಕೆ ತಕ್ಷಣ, "ಯಾವೂರವ್ವ ನಿಂದು? ಕುಂತ್ಕೊ, ಬಿಸಿದು ಆಕ್ತೀನಿ" ಎಂದು ಮುತ್ತುಗದ ಎಲೆಯಲ್ಲಿ ಎರಡು ತುಂಡು ಹೆಚ್ಚಿಗೇ ಹಾಕಿದಳು. ಅಲ್ಲಿಂದ ಓಮಲೂರು, ಓಮಲೂರಿನಿಂದ ಧರ್ಮಪುರಿ. ಕಡಯಂಪಟ್ಟಿಯ ಕಡೆಯ ರೈತರು ಮಲ್ಲಿಗೆ ಬುಟ್ಟಿಗಳನ್ನು ಬಸ್ಸಿನ ತಲೆಯ ಮೇಲೆ ಏರಿಸಿದರು. ತೊಪ್ಪೂರಿನ ಘಾಟಿ ಹತ್ತಿ ಇಳಿಯುವವರೆಗೂ ಬಸ್ಸಿನ ತುಂಬ ಅದೇ ವಾಸನೆ. ಧರ್ಮಪುರಿಯಲ್ಲಿ ಇನ್ನೊಂದು ಬಸ್ಸು ಬದಲಿಸಿ ಪಾಲಕೋಡ್ ಸೇರಿದಾಗ ಸಂಜೆಯಾಗಿತ್ತು. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಊರಿನ ಮೇಲೆ ಕಂಬಳಿ ಹೊದಿಸಿದಂತಿತ್ತು. ಟೊಮೇಟೊ ಮಂಡಿಯ ಮುಂದೆ ಸುಗುಣ ಸೈಕಲ್ ಹಿಡಿದು ನಿಂತಿದ್ದಳು. ಮೊದಲಿಗಿಂತ ಬಡವಾಗಿದ್ದಳು. ನಗು ಮಾತ್ರ ಹಾಗೇ ಇತ್ತು.

ಮರುದಿನ ಭಾನುವಾರ. ಚರ್ಚಿನ ಆರಾಧನೆಗೆಂದು ನಾನು ಹೂವಿನಂಚಿನ ಬಿಳಿ ಸೀರೆ ಉಟ್ಟು, ತಲೆ ಬಾಚಿ ಸಿದ್ಧಳಾದೆ. ಸುಗುಣ ಚಾಪೆ ಸುತ್ತುತ್ತಿದ್ದಳು.

"ಅಕ್ಕ, ಗುಡಿಗೆ ಹೋಗೋಕಾಗಲ್ಲ ಅನ್ಸುತ್ತೆ. ಒಬ್ಬಳಿಗೆ ನೋವು ಶುರುವಾಗಿದೆಯಂತೆ. ನೀನು ಬೇಕಾದ್ರೆ ಹೋಗಿ ಬಾ."

"ಹೆರಿಗೆಗೆ ಚಾಪೆ ಯಾಕೆ?"

"ನಾನು ಅಲ್ಲೇ ಮಲಗ್ಬೇಕಲ್ಲ" ಎಂದಳು.

ದಾರಿಯಲ್ಲಿ ಅವಳು ಹೇಳಿದಳು. ಆ ಭಾಗದ ಕೆಲವು ಮನೆಗಳಲ್ಲಿ ಎರಡನೆಯದೋ ಮೂರನೆಯದೋ ಹೆಣ್ಣಾದರೆ ಅದು ಉಳಿಯುತ್ತಿರಲಿಲ್ಲ. ಎಲ್ಲ ಮನೆಯಲ್ಲೂ ಅಲ್ಲ, ಯಾವುದೋ ಒಂದೇ ಜಾತಿಯಲ್ಲಿ ಮಾತ್ರವೂ ಅಲ್ಲ. ಹಾಲು ಹತ್ತಲಿಲ್ಲ, ಜ್ವರ ಬಂತು ಎನ್ನುವರು. ಯಾರೂ ಮುಂದೆ ಕೇಳುತ್ತಿರಲಿಲ್ಲ. ಮೊದಲ ಎರಡು ಮೂರು ದಿನ ದಾಟಿದರೆ, ತಾಯಿ ಎದೆಗೆ ಹಾಕಿಕೊಂಡರೆ, ಸಾಮಾನ್ಯವಾಗಿ ಮಗು ಬದುಕಿಬಿಡುತ್ತಿತ್ತು. ಆದ್ದರಿಂದ ಸುಗುಣ ಬಸುರಿಯರ ಮನೆಗೆ ಮೊದಲಿಂದ ಹೋಗಿ ಬಂದು ಮಾಡುತ್ತಿದ್ದಳು. ಹೆರಿಗೆಯಾದ ಮೇಲೆ ಚಾಪೆ ಹಾಸಿ ಅಲ್ಲೇ ಇದ್ದುಬಿಡುತ್ತಿದ್ದಳು. ಅಷ್ಟೇ ಅವಳ ಉಪಾಯ. ನಾವು ಹೋಗುತ್ತಿದ್ದ ಮನೆಯಲ್ಲಿ ಮೊದಲನೆಯ ಮಗಳು ಇದ್ದಳು, ಹೆರಿಗೆಯ ಹೊತ್ತಿಗೆ ಅವಳನ್ನು ತಾಯಿಯ ತವರಿಗೆ ಕಳಿಸಿದ್ದರು. ಎರಡನೆಯದೂ ಹೆಣ್ಣೆಂದು ತಿಳಿದು ಸುಗುಣ ಹೋಗುವಷ್ಟರಲ್ಲಿ ಒಂದು ದಿನ ತಡವಾಗಿತ್ತು.

"ಅವರಿಗೆ ಏನು ಹೇಳ್ತೀಯ?" ಎಂದೆ.

"ಏನೂ ಹೇಳಲ್ಲ. ಹೇಳಿದ್ರೆ ಕಳಿಸಿಬಿಡ್ತಾರೆ."

ಹಳ್ಳಿ ಪಾಲಕೋಡಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ, ಆಮೇಲೆ ಮಾವಿನ ತೋಪುಗಳ ನಡುವೆ ನಡಿಗೆ. ಹೊಲದ ಬೇಲಿಯ ಮೇಲೆ ಒಣಹಾಕಿದ ಸೀರೆಗಳು, ಕಣದಲ್ಲಿ ಹುರುಳಿ. ತಮಿಳು ಸೀಮೆಯಾದರೂ ಅಲ್ಲಿನವರದೆಲ್ಲ ಕನ್ನಡ. ಮನೆಯ ಯಜಮಾನಿ ಮಾದಮ್ಮ ಬಾಗಿಲಲ್ಲೇ ಕೂತಿದ್ದಳು. ಎತ್ತರದ, ಗಟ್ಟಿ ಮೈಯ ಹೆಂಗಸು. ಮಗ ಮುನಿರಾಜ ಕಾರ್ಖಾನೆಗೆ ಕಬ್ಬು ಇಳಿಸುವ ಕೆಲಸಕ್ಕೆ ಹೋಗುತ್ತಿದ್ದ. ಒಳಗೆ ಅವನ ಹೆಂಡತಿ ಕೆಂಪಮ್ಮ ನೋವು ತಿನ್ನುತ್ತಿದ್ದಳು.

ನಡು ಮಧ್ಯಾಹ್ನ ಮಗು ಹುಟ್ಟಿತು. ಹೆಣ್ಣು. ಸುಗುಣ ಅದನ್ನು ಒರೆಸಿ ತೂಗಿ, "ಚೆನ್ನಾಗಿ ತೂಕ ಐತೆ ಮಾದಮ್ಮ" ಎಂದಳು. ಮಾದಮ್ಮ ಕೇಳಿಸಿಕೊಳ್ಳದವಳಂತೆ ಎದ್ದು ಹೋಗಿ ಎಮ್ಮೆಗೆ ನೀರಿಟ್ಟಳು. ಕೆಂಪಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಮುನಿರಾಜ ಹೊಸಲಿನವರೆಗೆ ಬಂದು, ತಾಯಿಯ ಮುಖ ನೋಡಿ, ಹಾಗೇ ಹೊರಟುಹೋದ. ಯಾರೂ ಅಳಲಿಲ್ಲ, ಬೈಯಲಿಲ್ಲ. ಮಗು ಒಂದೇ ಕಿರುಚಿಕೊಳ್ಳುತ್ತಿತ್ತು. ನಾನು ಹೂವಿನಂಚಿನ ಸೀರೆಯಲ್ಲಿ ಅದನ್ನು ಮಡಿಲಿಗೆ ತೆಗೆದುಕೊಂಡೆ.

ಸೋಮವಾರ ಬೆಳಗ್ಗೆ ಚಿಕಿತ್ಸಾಲಯದ ಜೀಪು ಬಂತು. ಕಂಬೈನಲ್ಲೂರಿನ ಕಡೆ ಒಂದು ಹೆರಿಗೆ ಕಷ್ಟವಾಗಿತ್ತು. ಅಲ್ಲಿನ ನರ್ಸು ಜ್ವರದಲ್ಲಿ ಮಲಗಿದ್ದಳು. ಸುಗುಣ ನನ್ನನ್ನು ಹಿತ್ತಿಲಿಗೆ ಕರೆದಳು. "ನಾನು ಹೋಗಲೇಬೇಕು ಅಕ್ಕ. ನೀನು ಇಲ್ಲಿರ್ತೀಯಾ?"

"ನನಗೇನು ಬರುತ್ತೆ? ನಾನು ಟೀಚರು."

"ಏನೂ ಬರಬೇಕಾಗಿಲ್ಲ. ಮಗು ಕಣ್ಣ ಮುಂದೆ ಇರಲಿ. ಎದ್ದು ಹೋಗಬೇಡ."

ಜೀಪಿನ ಧೂಳು ಅಡಗುವ ಮೊದಲೇ ಒಳಗೆ ಬಂದು ಮಗುವನ್ನು ಮಡಿಲಿಗೆ ತೆಗೆದುಕೊಂಡೆ. ಭಾಷೆ ನನ್ನದೇ, ಮನೆ ನನ್ನದಲ್ಲ. ನಾನು ಯಾರು ಇವರ ನಡುವೆ ಕೂರಲು? ಸತ್ಯವೇದ ತೆಗೆದು ಓದೋಣವೆಂದುಕೊಂಡೆ. ಓದುವುದು ಕೂಡ ಅವರ ಮುಖಕ್ಕೆ ಹೊಡೆದಂತೆ ಆದೀತು ಎನ್ನಿಸಿತು. ಹಾಗಾಗಿ ಸುಮ್ಮನೆ ಕೂತೆ. ಕೆಂಪಮ್ಮನ ತಲೆಗೆ ಎಣ್ಣೆ ಹಚ್ಚಿದೆ. ಮಗುವನ್ನು ಅವಳ ಪಕ್ಕಕ್ಕಿಟ್ಟು ಹಾಲು ಕುಡಿಸಲು ಹೇಳಿದೆ. ಮೊದಲು ಒಲ್ಲೆ ಎಂದಳು. ಆಮೇಲೆ, ನಾನು ಬೇರೆ ಕಡೆ ನೋಡುತ್ತಿದ್ದಾಗ, ಕುಡಿಸಿದಳು.

ಮಧ್ಯಾಹ್ನ ಮಾದಮ್ಮ ನನ್ನ ಮುಂದೆ ತಟ್ಟೆ ಇಟ್ಟಳು. ರಾಗಿಮುದ್ದೆ, ಹುರುಳಿಸಾರು, ಒಂದು ಹೋಳು ಮಾವು. "ಉಣ್ಣಿ. ಬ್ಯಾಡದ ನೆಂಟ್ರಾದ್ರೂ ಉಪಾಸ ಕೆಡವಬಾರ್ದು" ಎಂದಳು. ಎದುರಿಗೇ ಕೂತಳು.

"ಟೀಚರಮ್ಮ, ಸಂಜೆ ಬಸ್ಸಿಗೆ ನೀವು ಓಗಿ. ಇದು ನಮ್ಮನೆ ಇಸ್ಯ."

"ಇಲ್ಲ ಮಾದಮ್ಮ. ಸುಗುಣ ಬರೋವರೆಗೂ ಹೋಗಲ್ಲ."

"ನೀವು ಏಸು ಮತದೋರಲ್ವಾ? ಇಂಗೆ ಕಂಡೋರ ಮನೇಲಿ ಕುಂತ್ಕೊಳ್ಳಿ ಅಂತ ಅವರು ಏಳವ್ರಾ?"

ಎಷ್ಟೋ ವರ್ಷದಿಂದ ಕಾದಿದ್ದ ಅವಕಾಶ ಇದು ಎಂದು ನಮ್ಮ ಸಭೆಯ ಹಿರಿಯರು ಹೇಳಿಯಾರು. ಬಾಯಿ ತೆರೆದೆ. ನನಗೆ ಗೊತ್ತಿದ್ದ ದೊಡ್ಡ ಮಾತುಗಳೆಲ್ಲ ಆ ಮುದ್ದೆಯ ತಟ್ಟೆಯ ಮುಂದೆ ಹಗುರಾಗಿ ಕಂಡವು. "ಹಾಗಂತ ಎಲ್ಲೂ ಹೇಳಿಲ್ಲ" ಎಂದೆ. "ಆದರೆ ಅವರಿದ್ದಿದ್ದರೆ ಇಲ್ಲೇ ಕೂತಿರ್ತಿದ್ದರು ಅನ್ಸುತ್ತೆ. ಖಂಡಿತ ಅಂತ ನನಗೂ ಗೊತ್ತಿಲ್ಲ."

ಮಾದಮ್ಮ ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು. "ಗೊತ್ತಿಲ್ಲ ಅಂತೀರಲ್ಲ, ಬಂದೋರೆಲ್ಲ ಗೊತ್ತೈತೆ ಅಂತಾರೆ" ಎಂದಳು. ಆಮೇಲೆ ತಾನಾಗಿಯೇ ಮಾತಾಡಿದಳು. ಅವಳಿಗೂ ಹೆಣ್ಣುಮಕ್ಕಳಿದ್ದರು. ಒಬ್ಬಳನ್ನು ಕೊಟ್ಟ ಮನೆಯವರು ಒಡವೆ ಸಾಲದೆಂದು ಎರಡು ಸಲ ವಾಪಸು ಕಳಿಸಿದ್ದರು. ಮೂರನೆಯ ಸಲ ಅವಳು ಬಂದದ್ದು ಹೆಣವಾಗಿ. "ಎಣ್ಣು ಸಾಯೋದು ತಪ್ಪಕಿಲ್ಲ ಟೀಚರಮ್ಮ. ಬೆಳೆಸಿ, ಊವ ಮುಡಿಸಿ, ಆಮೇಲೆ ಸಾಯಿಸೋದ್ಕಿಂತ ಈಗ್ಲೇ ಓಗ್ಲಿ ಅನ್ನುಸ್ತದೆ. ನನ್ನ ಎದೆ ಕಲ್ಲು ಅಂತಾರೆ. ಕಲ್ಲಲ್ಲ. ಸುಟ್ಟು ಓಗೈತೆ." ಅವಳ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಕಣ್ಣಲ್ಲಿತ್ತು. ಬೆಳಗಿನಿಂದ ಅವಳನ್ನು ಮನಸ್ಸಿನಲ್ಲೇ ರಾಕ್ಷಸಿ ಎಂದುಕೊಂಡಿದ್ದೆ. ಅವಳ ಕೈ ಹಿಡಿಯಬೇಕೆನ್ನಿಸಿತು; ಒಂದು ಕೈ ಎಂಜಲು, ಇನ್ನೊಂದರಲ್ಲಿ ಮಗು. ಹಾಗೇ ಕೂತೆ.

ನಾಲ್ಕು ಗಂಟೆಯ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆಯಿತು. ಓಡಿದರೆ ಸಿಗುತ್ತಿತ್ತು. ಸುಳ್ಳು ಹೇಳುವುದಿಲ್ಲ, ಕಾಲು ಒಮ್ಮೆ ಎದ್ದಿತು. ಬಸ್ಸು ಹೋಯಿತು.

ಸ್ವಲ್ಪ ಹೊತ್ತಿಗೆ ಮುನಿರಾಜ ಬಂದ. ಮೈತುಂಬ ಕಬ್ಬಿನ ಸೋಗೆಯ ಗೀರು. ಯಾರನ್ನೂ ನೋಡದೆ, ಕಂಬಕ್ಕೆ ಹೇಳುವಂತೆ ಹೇಳಿದ: "ಸೇಲಂ ಆಸ್ಪತ್ರೇಲಿ ಸರ್ಕಾರದೋರು ತೊಟ್ಟಿಲು ಮಡಗವ್ರಂತೆ. ಎಣ್ಣು ಬ್ಯಾಡ ಅಂದೋರು ಅದ್ರಲ್ಲಿ ಬುಟ್ಟು ಬರಬೌದಂತೆ. ಪೇರು ಊರು ಕೂಡ ಕೇಳಲ್ವಂತೆ. ನಾಳೆ ತಕ್ಕೊಂಡೋಗ್ತೀನಿ. ಜೀವ ಆದ್ರೂ ಇರ್ತದೆ."

ಆ ಯೋಜನೆಯ ವಿಷಯ ನಾನೂ ಕೇಳಿದ್ದೆ. ಅವನು ಅಷ್ಟಾದರೂ ಯೋಚಿಸಿದ್ದ. ಮಾದಮ್ಮ, "ಆಮಾ, ಔದು, ಅಂಗೇ ಮಾಡು" ಎಂದಳು. ನನಗೂ ಒಂದು ಕ್ಷಣ ಸಮಾಧಾನವಾಯಿತು. ನನ್ನ ಕೆಲಸ ಮುಗಿಯಿತಲ್ಲ ಎಂಬ ಸಮಾಧಾನ.

ಆಗ ಕೆಂಪಮ್ಮ ಎದ್ದು ಕೂತಳು. ಎರಡು ದಿನದಿಂದ ನಾಲ್ಕು ಮಾತಾಡಿರಲಿಲ್ಲ. ಗೋಡೆ ಹಿಡಿದು ನಿಂತಳು, ನನ್ನ ಬಳಿ ಬಂದು ಎರಡೂ ಕೈ ಚಾಚಿದಳು. "ಕೊಡಿ ನನ್ ಕೂಸ." ಕೊಟ್ಟೆ. ಅವಳು ಗಂಡನ ಕಡೆ ತಿರುಗಿದಳು.

"ಸರ್ಕಾರದ ತೊಟ್ಟಿಲು ಯಾಕೆ? ನನ್ ತಾವ ಸೀರೆ ಇಲ್ವಾ?"

ಮುನಿರಾಜ ತೋಳಿನ ಗೀರನ್ನು ಉಜ್ಜಿಕೊಂಡ.

"ಓದ್ಸಲ ಮಗ್ಗುಲಿಗೆ ತಿರುಗಿ ಮಲೀಕೊಂಡೆ. ಎದ್ದು ನೋಡೋವಷ್ಟ್ರಲ್ಲಿ ಪಕ್ಕ ತಣ್ಣಗಿತ್ತು. ಈ ಸಲ ತಿರುಗಕಿಲ್ಲ. ಇವಳನ್ನ ಎಲ್ಲಿಗಾರ ಕಳಿಸೋದಾದ್ರೆ ನನ್ನೂ ಕಳ್ಸು. ಕೂಲಿ ಮಾಡಿ ಸಾಕ್ತೀನಿ. ಇಲ್ಲೇ ಈ ತೊಲೆಗೆ ಸೀರೆ ಕಟ್ಟಿ ತೂಗ್ತೀನಿ."

"ಸೀರೆ ನಿಂದಿರಬೌದು" ಎಂದಳು ಮಾದಮ್ಮ. "ತೊಲೆ ನಂದು."

ಅಲ್ಲಿಗೆ ಎಲ್ಲ ನಿಂತುಹೋಯಿತು. ಅತ್ತೆ ಬಾಗಿಲಲ್ಲಿ, ಸೊಸೆ ನಡುಮನೆಯಲ್ಲಿ, ಮಗ ಇಬ್ಬರ ನಡುವೆ. ಹೊರಗೆ ಎಮ್ಮೆ ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ನಾನು ಪ್ರಾರ್ಥಿಸಿದೆನೇ ಎಂದು ಆಮೇಲೆ ಹಲವರು ಕೇಳಿದ್ದಾರೆ. ಮಾತುಗಳಿರಲಿಲ್ಲ. ಉಸಿರು ಬಿಗಿಹಿಡಿದಿದ್ದೆ, ಅದನ್ನು ಪ್ರಾರ್ಥನೆ ಎನ್ನಬಹುದಾದರೆ ಹೌದು.

ಮಗು ಸೀನಿತು.

"ನೂರು!" ಎಂದಳು ಮಾದಮ್ಮ.

ನಮ್ಮ ಕಡೆಯೂ ಹಿರಿಯರು ಎಳೆಯ ಮಗು ಸೀನಿದರೆ ನೂರು ವರ್ಷ ಬಾಳು ಎನ್ನುತ್ತಾರಲ್ಲ, ಅದೇ. ಎಷ್ಟು ಕೂಸುಗಳನ್ನು ಎತ್ತಿ ಆಡಿಸಿದ ಬಾಯಿಯೋ, ತಾನಾಗಿ ಬಂದುಬಿಟ್ಟಿತು. ಬಂದ ಮೇಲೆ ಅವಳಿಗೇ ಕೇಳಿಸಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುನಿರಾಜ ತಲೆಯೆತ್ತಿ, ಆ ದಿನ ಮೊದಲ ಬಾರಿಗೆ, ತಾಯಿಯ ಮುಖವನ್ನು ನೇರ ನೋಡಿದ. ಕೆಂಪಮ್ಮ ಮೆಲ್ಲಗೆ, "ಅತ್ತೆ, ನೂರು ಅಂದ್ರಿ" ಎಂದಳು.

ಮಗು ಮತ್ತೆ ಸೀನಿತು.

ಈ ಸಲ ಅಭ್ಯಾಸಬಲದಿಂದ ಬರುವ ಮಾತಲ್ಲ. ಮಾದಮ್ಮ ನಿಂತೇ ಇದ್ದಳು. ಮೂವರೂ ಅವಳನ್ನೇ ನೋಡುತ್ತಿದ್ದೆವು. ಸೆರಗು ಬಾಯಿಂದ ತೆಗೆದಳು. ಸ್ಪಷ್ಟವಾಗಿ, ಪಕ್ಕದ ಮನೆಗೂ ಕೇಳುವಂತೆ, ಹೇಳಿದಳು:

"ಇನ್ನೂರು."

ಅಷ್ಟು ಹೇಳಿ ಅಲ್ಲೇ ಕುಸಿದು ಕೂತು ಅತ್ತಳು. ಸತ್ತ ಮಗಳ ಹೆಸರು ಹಿಡಿದು ಅತ್ತಳು, ಎರಡನೆಯ ಮೊಮ್ಮಗಳಿಗೆ ಹೆಸರೇ ಇರಲಿಲ್ಲವಲ್ಲ ಎಂದು ಅತ್ತಳು. ಕೆಂಪಮ್ಮ ಮಗುವನ್ನು ತಂದು ಅವಳ ತೊಡೆಯ ಮೇಲಿಟ್ಟಳು. ಅತ್ತು ಮುಗಿದ ಮೇಲೆ ಮಾದಮ್ಮ ಮೂಗು ಒರೆಸಿಕೊಂಡು ಮಗುವನ್ನು ತಿರುಗಿಸಿ ಮುರುಗಿಸಿ ನೋಡಿ, "ಲೇ ಮುನಿರಾಜ, ನಿನ್ ಮೂಗೇ ಕಣ್ಲಾ ಇದು, ಪಾಪ. ನಿಂತ್ಕೊಂಡು ಏನ್ ನೋಡ್ತೀಯ? ಏಣಿ ತಕ್ಕೊಂಬಾ" ಎಂದಳು. ಏಣಿ ಬಂತು. ಕೆಂಪಮ್ಮನ ಮದುವೆಯ ಹಸಿರು ಸೀರೆಯನ್ನು ತೊಲೆಗೆ ಕಟ್ಟಿದವನು ಮುನಿರಾಜ. ಗಂಟು ಗಟ್ಟಿಯಾಗಿದೆಯೇ ಎಂದು ಜೋತುಬಿದ್ದು ನೋಡಿದವಳು ಮಾದಮ್ಮ.

ಮಂಗಳವಾರ ಬೆಳಗ್ಗೆ ಸುಗುಣ ಬಂದಾಗ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಯ ಹೆಂಗಸರೆಲ್ಲ ಬಂದಿದ್ದರು. ಒಬ್ಬಳು ಬಜೆ ತೇಯುತ್ತಿದ್ದಳು, ಒಬ್ಬಳು ಕೂಸಿನ ಕೈಗೆ ಕಪ್ಪು ದಾರ ಕಟ್ಟುತ್ತಿದ್ದಳು. ಮುನಿರಾಜ ಪಾಲಕೋಡಿಗೆ ಹೋಗಿ ಜಿಲೇಬಿ ತಂದಿದ್ದ. ಗಂಡು ಹುಟ್ಟಿದರೆ ಹಂಚುವಂತೆಯೇ ಮನೆಮನೆಗೂ ಹಂಚುತ್ತಿದ್ದ. ಕಂಬೈನಲ್ಲೂರಿನ ತಾಯಿ ಮಗುವೂ ಉಳಿದಿದ್ದರು. ಸುಗುಣ ಹೊಸಲಲ್ಲೇ ಚಾಪೆ ಕೆಳಗಿಟ್ಟು, ಸೀರೆಯ ತೊಟ್ಟಿಲನ್ನು ನೋಡಿ, ನನ್ನನ್ನು ತಬ್ಬಿಕೊಂಡು ಚಿಕ್ಕ ಹುಡುಗಿಯಂತೆ ಕುಣಿದಳು. "ಏನು ಮಾಡಿದೆ ಅಕ್ಕ?"

"ಏನೂ ಮಾಡಲಿಲ್ಲ. ಮುದ್ದೆ ತಿಂದೆ" ಎಂದೆ. ನಿಜವೂ ಅದೇ. ಗೆದ್ದವಳು ಕೆಂಪಮ್ಮ. ಅವಳು ಗೆದ್ದದ್ದಕ್ಕಿಂತ ದೊಡ್ಡದನ್ನು ಗೆದ್ದವಳು ಮಾದಮ್ಮ.

ಅಂದು ಸಂಜೆ ಮಾವಿನ ತೋಪಿನಲ್ಲಿ ಮಲ್ಗೋವಾ ಸಿಪ್ಪೆ ಸುಲಿಯುತ್ತ ಸುಗುಣನನ್ನು ಕೇಳಿದೆ: "ಯೇಸುವಿನ ಹೆಸರನ್ನ ಚೀಲದಲ್ಲೇ ಇಟ್ಟುಕೊಂಡು ಬಂದೆ, ಒಂದು ಸಲವೂ ಹೊರಗೆ ತೆಗೆದು ಹೇಳಲಿಲ್ಲ. ಅವಳೇ ಕೇಳಿದಾಗಲೂ ಗೊತ್ತಿಲ್ಲ ಅಂದೆ. ಇದು ಹಿಂಬಾಲಿಸೋದಾ, ಹೆದರಿಕೆಯಾ?"

ಅವಳು ಓಟೆ ಚೀಪಿ ಪಕ್ಕಕ್ಕಿಟ್ಟಳು. "ನನಗೂ ಗೊತ್ತಿಲ್ಲ ಅಕ್ಕ. ಕೆಲವು ದಿನ ಹೆದರಿಕೆ, ಕೆಲವು ದಿನ ಆ ಮನೆಯವರಿಗೆ ಕೊಡೋ ಮರ್ಯಾದೆ. ಮಿಷನ್ ಕಮಿಟಿಯವರು ಬಂದು, ಇಷ್ಟು ವರ್ಷದಲ್ಲಿ ಎಷ್ಟು ಜನ ಯೇಸುವಿನ ಹಿಂದೆ ಬಂದರು ಅಂತ ಕೇಳಿದ್ರು. ನಮ್ಮ ಕೂಸುಗಳು ಇನ್ನೂ ನಡೆಯೋಕೆ ಕಲಿತಿಲ್ಲ ಸಾರ್, ತೆವಳ್ತಿದ್ದಾರೆ ಅಂದೆ." ಇಬ್ಬರೂ ರಸ ಸುರಿಯುವ ಕೈಯಲ್ಲೇ ನಕ್ಕೆವು. ಆಮೇಲೆ ಅವಳು ಹೇಳಿದಳು: "ಒಂದು ಮಾತ್ರ ಗೊತ್ತು. ಆತ ಎಲ್ಲಿ ಇರ್ತಿದ್ದ ಅಂತ ಯೋಚನೆ ಮಾಡಿದಾಗೆಲ್ಲ ನನಗೆ ಗುಡಿಯ ಪೀಠ ಕಾಣಲ್ಲ. ಇಂಥ ನಡುಮನೆ ಕಾಣುತ್ತೆ. ಅದಕ್ಕೆ ಚಾಪೆ ತಗೊಂಡು ಹೋಗ್ತೀನಿ. ಅಲ್ಲಿ ನನಗಿಂತ ಮೊದಲೇ ಯಾರೋ ಬಂದು ಕೂತಿರ್ತಾರೆ ಅನ್ಸುತ್ತೆ."

ನನಗೂ ಹಾಗೆ ಅನ್ನಿಸಿತ್ತು. ದೇವರನ್ನು ನಾನು ಆ ಮನೆಗೆ ಕೊಂಡೊಯ್ದಿದ್ದೆನೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕೆಂಪಮ್ಮ ಕೈ ಚಾಚಿದಾಗ, ಮಾದಮ್ಮ ಸೆರಗು ತೆಗೆದು ಇನ್ನೂರು ಎಂದಾಗ, ನಾನು ಅವರ ಹಿಂದೆ ಇದ್ದೆ, ಮುಂದೆ ಅಲ್ಲ. ಹಿಂದೆ ನಡೆಯುವುದೆಂದರೆ ಇಷ್ಟೇ ಇರಬಹುದೇ ಎಂದು ಆ ತೋಪಿನಲ್ಲಿ ಕೂತು ಬೆರಗಾದೆ. ಉಪದೇಶಕ್ಕೆ ಸಾಕಾಗುವಷ್ಟು ಖಚಿತವಾದ ಉತ್ತರವಲ್ಲ. ಆದರೆ ಅನೇಕ ವರ್ಷಗಳಲ್ಲಿ ಅಷ್ಟು ಸಂತೋಷದಿಂದ ಹಣ್ಣು ತಿಂದ ನೆನಪಿಲ್ಲ.

ಬುಧವಾರ ಬೆಳಗ್ಗೆ ಹಳ್ಳಿಯಿಂದಲೇ ಹೊರಟೆ. ಬಸ್ಸು ನಿಲ್ಲುವ ಹುಣಸೆಮರದವರೆಗೆ ಸುಗುಣ ಬಂದಳು. ಹಿಂದಿನಿಂದ ಯಾರೋ ಕೂಗಿದಂತಾಯಿತು. ನೋಡಿದರೆ ಮಾದಮ್ಮ, ಕೂಸನ್ನು ಎದೆಗವಚಿಕೊಂಡು, ಅದರ ತಲೆಯ ಮೇಲೆ ಸೆರಗು ಹೊದಿಸಿ, ದಾಪುಗಾಲು ಹಾಕುತ್ತ ಬರುತ್ತಿದ್ದಳು. ಎಳೆಗೂಸನ್ನು ಬಿಸಿಲಿಗೆ ತರಬಾರದೆಂದು ಸುಗುಣ ಗದರಿದಳು. "ಟೀಚರಮ್ಮ ನೋಡ್ದಂಗೆ ಓಗ್ಬಿಟ್ರೆ?" ಎಂದಳು ಮಾದಮ್ಮ. ಅಷ್ಟರಲ್ಲಿ ಧರ್ಮಪುರಿಯ ಬಸ್ಸು ಬಂದೇಬಿಟ್ಟಿತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅವಳು ಕಿಟಕಿಯ ಕೆಳಗೆ ನಿಂತು, ನನಗೆ ಕಾಣಲೆಂದು ಕೂಸನ್ನು ಎರಡೂ ಕೈಯಲ್ಲಿ ಮೇಲೆತ್ತಿದಳು.

ಕಂಡಕ್ಟರು ತಮಿಳಿನವನು. ಮೆಟ್ಟಿಲ ಮೇಲೆ ನಿಂತು ಸೀಟಿ ಊದಲು ಹೊರಟವನು ಸುಮ್ಮನೆ ಕೇಳಿದ: "ಎನ್ನ ಪಾಟಿ, ಆಣಾ ಪೊಣ್ಣಾ?" ಏನಜ್ಜಿ, ಗಂಡೋ ಹೆಣ್ಣೋ ಎಂದು.

"ಪೊಣ್ಣು!" ಎಂದಳು ಮಾದಮ್ಮ. ಇಡೀ ಬಸ್ಸು ತಿರುಗಿ ನೋಡಿತು. ಅವಳಿಗೆ ಅದು ಸಾಲದೆ ಹೋಯಿತು. ಕೂಸನ್ನು ಇನ್ನೂ ಮೇಲೆತ್ತಿ, ಹುಣಸೆಮರದ ಗಿಳಿಗಳೆಲ್ಲ ಎದ್ದು ಹಾರುವಂತೆ ಮತ್ತೊಮ್ಮೆ ಕೂಗಿದಳು: "ಪೊಣ್ಣು! ನನ್ ಮೊಮ್ಮಗಳು!"